ಕಡಿಮೆ ದುಡ್ಡಿಗೆ ಲ್ಯಾಪ್‌ಟಾಪ್: ಚಿಪ್ಪಿನ ಅಂಕಿಯಿಂದ ಹೊರಗಿನ ಗ್ರಾಫಿಕ್ಸ್ ಕಾರ್ಡಿನವರೆಗೆ

ಅಂಗಡಿಯ ಒಂದೇ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಇಟ್ಟಿದ್ದಾರೆ ಎಂದುಕೊಳ್ಳಿ. ಎರಡಕ್ಕೂ ‘ರೈಜೆನ್ 5’ ಸ್ಟಿಕ್ಕರ್, ಎರಡರಲ್ಲೂ 512 ಜಿಬಿ ಎಸ್‌ಎಸ್‌ಡಿ, ಬೆಲೆಯಲ್ಲಿ ಕೆಲವೇ ಸಾವಿರದ ಅಂತರ. ಅಗ್ಗದ್ದರ ಪ್ರೊಸೆಸರ್ 7520ಯು, ಇನ್ನೊಂದರದು 7530ಯು. ಅಂಕಿ ನೋಡಿದರೆ ಅಣ್ಣತಮ್ಮಂದಿರಂತಿವೆ. ಆದರೆ 7520ಯು ಒಳಗಿರುವುದು ಎಎಂಡಿ 2019ರಲ್ಲಿ ತಂದ ಝೆನ್ 2 ವಿನ್ಯಾಸದ ನಾಲ್ಕು ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕಗಳು). 7530ಯು ಒಳಗೆ ಝೆನ್ 3ರ ಆರು ಕೋರ್. ಮೊದಲನೆಯದರ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ತಂದ ದಿನ 8 ಜಿಬಿ ಇದ್ದರೆ ಕೊನೆಯವರೆಗೂ 8 ಜಿಬಿಯೇ.

ಬಜೆಟ್ ಲ್ಯಾಪ್‌ಟಾಪಿನ ಇಡೀ ಲೆಕ್ಕ ಇಷ್ಟೇ: ಆಮೇಲೆ ಬದಲಿಸಲಾಗದ್ದಕ್ಕೆ ಮೊದಲು ದುಡ್ಡು ಹಾಕಿ, ಬದಲಿಸಬಹುದಾದದ್ದನ್ನು ಕೈಯಲ್ಲಿ ಕಾಸು ಆಡಿದಾಗ ಸೇರಿಸಿಕೊಳ್ಳಿ. ಪ್ರೊಸೆಸರ್, ಪರದೆ, ಕೀಬೋರ್ಡ್, ಪಕ್ಕದ ಪೋರ್ಟ್‌ಗಳು ಕೊನೆತನಕ ಜೊತೆಗಿರುವಂಥವು. ಎಸ್‌ಎಸ್‌ಡಿ, ಬ್ಯಾಟರಿ, ಸ್ಲಾಟಿನಲ್ಲಿ ಕೂತ ರ‍್ಯಾಮ್ ಬದಲಿಸಬಹುದಾದವು. ಸರಿಯಾದ ಪೋರ್ಟ್ ಇದ್ದರೆ ಗ್ರಾಫಿಕ್ಸ್ ಕಾರ್ಡ್ (ಆಟ, ವಿಡಿಯೊಗಳ ಚಿತ್ರದ ಲೆಕ್ಕ ಮಾಡುವ ಪ್ರತ್ಯೇಕ ಬೋರ್ಡ್) ಕೂಡ ಈ ಎರಡನೇ ಪಟ್ಟಿಗೆ ಬರುತ್ತದೆ. ಆ ಪೋರ್ಟನ್ನು ಕೊಳ್ಳುವ ದಿನವೇ ನೋಡಿಕೊಳ್ಳಬೇಕು. ಆಮೇಲೆ ಹಾಕಿಸಲು ಬರುವುದಿಲ್ಲ.

ಮೊದಲು ಕೆಲಸ, ಆಮೇಲೆ ಮಾಡೆಲ್

‘ಇಂಜಿನಿಯರಿಂಗ್‌ಗೆ ಬೇಕು’ ಎಂದರೆ ಅಂಗಡಿಯವರಿಗೆ ಏನೂ ಹೇಳಿದಂತಾಗುವುದಿಲ್ಲ. ಓಡಿಸಬೇಕಾದ ಸಾಫ್ಟ್‌ವೇರ್‌ಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆಯಿರಿ. ಪೈಥಾನ್, ಜಾವಾ, ವೆಬ್ ಕೆಲಸ, ಎಕ್ಸೆಲ್, ಟ್ಯಾಲಿ, ಎರಡು ಆಯಾಮದ ಆಟೋಕ್ಯಾಡ್: ಇವಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಬೇಕಿಲ್ಲ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಎಮ್ಯುಲೇಟರ್ ಓಡಿಸುವವರಿಗೆ 16 ಜಿಬಿ ರ‍್ಯಾಮ್ ಬೇಕೇ ಬೇಕು, ಗ್ರಾಫಿಕ್ಸ್ ಬೇಡ. ಬ್ಲೆಂಡರ್, ದೊಡ್ಡ ಅಸೆಂಬ್ಲಿಗಳ ಸಾಲಿಡ್‌ವರ್ಕ್ಸ್, ಡಾವಿಂಚಿ ರಿಸಾಲ್ವ್, ಹೊಸ ಆಟಗಳು: ಇವಕ್ಕೆ ಕಾರ್ಡ್ ಬೇಕು.

‘ಎಐ ಪ್ರಾಜೆಕ್ಟ್ ಇದೆ’ ಎಂದು ಮಕ್ಕಳು ಕೇಳಿದ ತಕ್ಷಣ ಗೇಮಿಂಗ್ ಲ್ಯಾಪ್‌ಟಾಪಿಗೆ ಸಾಲ ಮಾಡಬೇಡಿ. ಗೂಗಲ್ ಕೊಲ್ಯಾಬ್ (ಬ್ರೌಸರಿನಲ್ಲೇ ಪ್ರೋಗ್ರಾಂ ಓಡಿಸುವ ತಾಣ) ಉಚಿತವಾಗಿ ಕೊಡುವ ಟಿ4 ಕಾರ್ಡಿನಲ್ಲಿ 16 ಜಿಬಿ ಮೆಮೊರಿ ಇದೆ. ಸಮಯದ ಮಿತಿ ಇದ್ದರೂ, 4 ಜಿಬಿಯ ಲ್ಯಾಪ್‌ಟಾಪ್ ಕಾರ್ಡಿನಲ್ಲಿ ಹಿಡಿಸದ ಮಾಡೆಲ್ ಅಲ್ಲಿ ಹಿಡಿಸುತ್ತದೆ.

ಚಿಪ್ಪಿನ ಅಂಕಿ ಓದುವುದು

ಎಎಂಡಿಯ 7000 ಸರಣಿಯಲ್ಲಿ ಮೂರನೇ ಅಂಕಿಯನ್ನು ನೋಡಿ. ಅಲ್ಲಿ 2 ಇದ್ದರೆ ಝೆನ್ 2, 3 ಇದ್ದರೆ ಝೆನ್ 3 ಅಥವಾ ಅದರ ತಿದ್ದಿದ ರೂಪ, 4 ಇದ್ದರೆ ಝೆನ್ 4. ಮೊದಲಿನ 7 ಮಾದರಿಯ ವರ್ಷವನ್ನಷ್ಟೇ ಹೇಳುತ್ತದೆ. 7520ಯು, 7320ಯು ಬಿಡಿ. 7530ಯು ಒಳ್ಳೆಯ ತಳಪಾಯ. 7535ಎಚ್‌ಎಸ್ ಸಿಕ್ಕರೆ ಇನ್ನೂ ಚೆನ್ನ, ಅದರೊಳಗಿನ ರೇಡಿಯಾನ್ 660ಎಂ ಹಗುರ ಆಟಗಳನ್ನು ತಾನೇ ಎಳೆಯುತ್ತದೆ.

ಇಂಟೆಲ್‌ನಲ್ಲಿ ಕೊನೆಯ ಅಕ್ಷರ ಮುಖ್ಯ. ‘ಯು’ ಎಂದರೆ 15 ವಾಟ್‌ನ ತಣ್ಣನೆಯ ಚಿಪ್, ‘ಎಚ್’ ಎಂದರೆ 45 ವಾಟ್‌ನ ದುಡಿಯುವ ಚಿಪ್. ಐ5-1235ಯು ಮತ್ತು 1335ಯು ಎರಡರಲ್ಲೂ ಎರಡು ದೊಡ್ಡ ಕೋರ್, ಎಂಟು ಚಿಕ್ಕ ಕೋರ್. ‘ಕೋರ್ 5 120ಯು’ ಎಂಬ ಹೊಸ ಹೆಸರಿನಲ್ಲಿ ಬರುವುದೂ ಇದೇ ಎರಡು-ಎಂಟರ ಮೈಕಟ್ಟು. ಹೆಸರು ಹೊಸದು ಎಂದು ಹೆಚ್ಚು ಕೊಡಬೇಕಿಲ್ಲ. ಐ5-12450ಎಚ್‌ನಲ್ಲಿ ನಾಲ್ಕು ದೊಡ್ಡ, ನಾಲ್ಕು ಚಿಕ್ಕ ಕೋರ್. ಕಂಪೈಲ್, ರೆಂಡರ್ ಇರುವವರಿಗೆ ಇದೇ ಸರಿ, ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ. ದುಡ್ಡು ತೀರಾ ಕಮ್ಮಿ ಎಂದರೆ ಐ3-1215ಯು ಮೋಸವಿಲ್ಲ. ಎನ್100ರಲ್ಲಿ ಇರುವುದು ನಾಲ್ಕು ಚಿಕ್ಕ ಕೋರ್‌ಗಳಷ್ಟೇ. ಆನ್‌ಲೈನ್ ಪಾಠ, ಬಿಲ್ಲಿಂಗ್‌ಗೆ ಸಾಕು. ನಾಲ್ಕು ವರ್ಷದ ಡಿಗ್ರಿಗೆ ಬೇಡ.

ರ‍್ಯಾಮ್, ಎಸ್‌ಎಸ್‌ಡಿ, ಪರದೆ

ರ‍್ಯಾಮ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಎಷ್ಟು ಕಡ್ಡಿಗಳಲ್ಲಿ ಎಂದು ಕೇಳುವವರು ಕಡಿಮೆ. ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ರ‍್ಯಾಮನ್ನೇ ಬಳಸಿಕೊಳ್ಳುತ್ತದೆ. ಒಂದೇ ಕಡ್ಡಿ ಇದ್ದರೆ ದಾರಿ ಅರ್ಧ ಅಗಲ. ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಇರುವ ಇಂಟೆಲ್ ಚಿಪ್‌ಗಳು ಒಂದೇ ಕಡ್ಡಿಯಲ್ಲಿ ಓಡಿದರೆ ವಿಂಡೋಸ್‌ನಲ್ಲಿ ಬರೀ ‘ಯುಎಚ್‌ಡಿ ಗ್ರಾಫಿಕ್ಸ್’ ಎಂದು ತೋರಿಸುತ್ತವೆ; ಎರಡನೇ ಕಡ್ಡಿ ಹಾಕಿದ ಮೇಲೆ ಹೆಸರೂ ಬದಲಾಗುತ್ತದೆ, ವೇಗವೂ ಏರುತ್ತದೆ. ಹಾಗಾಗಿ 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಮೇಲು.

ಅಂಗಡಿಯ ಡೆಮೊ ಲ್ಯಾಪ್‌ಟಾಪಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ. ‘ಸ್ಲಾಟ್ಸ್ ಯೂಸ್ಡ್’ ಎಂಬಲ್ಲಿ ಎರಡರಲ್ಲಿ ಒಂದು ಎಂದಿದ್ದರೆ ಜಾಗ ಇದೆ. ‘ಫಾರ್ಮ್ ಫ್ಯಾಕ್ಟರ್’ ಎಂಬಲ್ಲಿ ‘ಎಸ್‌ಒಡಿಐಎಂಎಂ’ ಎಂದಿದ್ದರೆ ಕಡ್ಡಿ, ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸುಗೆ. ಆದರೂ ಇದನ್ನೊಂದೇ ನಂಬಬೇಡಿ, ಕೆಲವು ಮಾದರಿಗಳಲ್ಲಿ ಬೆಸುಗೆ ಹಾಕಿದ್ದನ್ನೂ ಸ್ಲಾಟ್ ಎಂದೇ ಎಣಿಸುತ್ತದೆ. ಲೆನೊವೊದ ಪಿಎಸ್‌ಆರ್‌ಇಎಫ್ ತಾಣ, ಎಚ್‌ಪಿಯ ಕ್ವಿಕ್‌ಸ್ಪೆಕ್ಸ್ ಹಾಳೆಗಳಲ್ಲಿ ಮಾಡೆಲ್ ಸಂಖ್ಯೆ ಕೊಟ್ಟು ತಾಳೆ ನೋಡಿ. ಇನ್ನೊಂದು ಮಾತು: 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ‘8 ಜಿಬಿ ತಗೊಳ್ಳಿ, ಆಮೇಲೆ ಹಾಕಿಸ್ಕೊಬಹುದು’ ಎಂಬ ಹಳೇ ಸಲಹೆಯನ್ನು ಒಪ್ಪುವ ಮೊದಲು ಕಡ್ಡಿಯ ಅವತ್ತಿನ ಬೆಲೆ ಕೇಳಿ ಕೂಡಿಸಿ ನೋಡಿ. ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಕಚ್ಚೇ ಬೇರೆ.

ಎಸ್‌ಎಸ್‌ಡಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಎಂ.2 ಸ್ಲಾಟಿನಲ್ಲಿ ಕೂರುವ ಎನ್‌ವಿಎಂಇ ಎಂಬ ವೇಗದ ಥರದ್ದು ಇದ್ದರೆ ಸಾಕು. ಎರಡನೇ ಎಂ.2 ಸ್ಲಾಟ್ ಇದೆಯೇ ಎಂಬುದನ್ನು ಮಾತ್ರ ಕೇಳಿ. ಅದು ಗ್ರಾಫಿಕ್ಸ್‌ಗೂ ಕೆಲಸಕ್ಕೆ ಬರುತ್ತದೆ, ಮುಂದೆ ನೋಡೋಣ.

ಪರದೆಯ ವಿಷಯದಲ್ಲಿ ‘45 ಪರ್ಸೆಂಟ್ ಎನ್‌ಟಿಎಸ್‌ಸಿ’ ಎಂದಿದ್ದರೆ ಬಣ್ಣ ಸತ್ತಂತಿರುತ್ತದೆ. ಫೋಟೋ, ವಿಡಿಯೊ ಮಾಡುವವರು ನೂರು ಪರ್ಸೆಂಟ್ ಎಸ್‌ಆರ್‌ಜಿಬಿ ಹುಡುಕಬೇಕು. 250 ನಿಟ್ಸ್‌ನ ಪರದೆ ಮನೆಯೊಳಗೆ ಸರಿ, ಕಿಟಕಿ ಪಕ್ಕ ಕೂತರೆ ಮಂಕು. ಟಿಎನ್ ಪ್ಯಾನೆಲ್ ಬೇಡವೇ ಬೇಡ. ತಲೆಯನ್ನು ಮೇಲೆ ಕೆಳಗೆ ಆಡಿಸಿದಾಗ ಬಣ್ಣ ತಿರುಗಿದರೆ ಅದು ಟಿಎನ್.

ಹಳೇ ಕಂಪನಿ ಲ್ಯಾಪ್‌ಟಾಪ್‌ಗಳು

ಬೆಂಗಳೂರಿನ ಐಟಿ ಕಂಪನಿಗಳು ಲೀಸ್ ಮುಗಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳನ್ನು ಬಿಟ್ಟಾಗ ಅವು ಎಸ್‌ಪಿ ರೋಡಿನಂಥ ಕಡೆಯ ರೀಫರ್ಬಿಶ್ಡ್ ಅಂಗಡಿಗಳಿಗೆ ಬರುತ್ತವೆ. ಕಡಿಮೆ ದುಡ್ಡಿಗೆ ಗಟ್ಟಿ ದೇಹ, ಒಳ್ಳೆಯ ಕೀಬೋರ್ಡ್, ಬಹಳ ಸಲ ಥಂಡರ್‌ಬೋಲ್ಟ್ ಪೋರ್ಟ್ (ಹೊರಗಿನ ಗ್ರಾಫಿಕ್ಸ್ ಕಾರ್ಡ್ ಸೇರಿಸಬಲ್ಲ ವೇಗದ ಪೋರ್ಟ್) ಕೂಡ ಸಿಗುವುದು ಇಲ್ಲೇ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ವಿಂಡೋಸ್ 11ಕ್ಕೆ ಇಂಟೆಲ್ 8ನೇ ತಲೆಮಾರು ಅಥವಾ ಅದರ ಮೇಲಿನದು ಬೇಕು. ಐ5-8250ಯು ಸರಿ. ಐ5-7200ಯು ಎಷ್ಟೇ ಅಗ್ಗವಾದರೂ ಲಿನಕ್ಸ್ ಹಾಕುವವರಿಗೆ ಮಾತ್ರ.

ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಮೂರು ಪರೀಕ್ಷೆ. ವಿಂಡೋಸ್ ರೀಸೆಟ್ ಮಾಡಿಸಿ, ಮೊದಲ ಸೆಟಪ್‌ನಲ್ಲಿ ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಕೊಡಿ. ಆಗ ಯಾವುದಾದರೂ ಕಂಪನಿಯ ಹೆಸರಿನ ಲಾಗಿನ್ ಪುಟ ಬಂದರೆ ಅದು ಇನ್ನೂ ಆ ಕಂಪನಿಯ ಪಟ್ಟಿಯಲ್ಲೇ ಇದೆ, ಬಿಟ್ಟುಬಿಡಿ. ನೆಟ್ ಇಲ್ಲದೆ ಸೆಟಪ್ ಮಾಡಿ ತೋರಿಸಿದರೆ ಈ ಬೀಗ ಕಾಣುವುದೇ ಇಲ್ಲ. ಎರಡನೆಯದು, ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲಿನ ಮೂಲ ಸೆಟ್ಟಿಂಗ್‌ಗಳ ಪುಟ) ಹೋಗಿ. ಪಾಸ್‌ವರ್ಡ್ ಕೇಳಿದರೆ ಅದೂ ಬೇಡ. ಮೂರನೆಯದು ಬ್ಯಾಟರಿ: ‘ಎಚ್‌ಡಬ್ಲ್ಯುಇನ್ಫೊ’ ಎಂಬ ಉಚಿತ ಸಾಫ್ಟ್‌ವೇರ್ ವಿನ್ಯಾಸದ ಸಾಮರ್ಥ್ಯವನ್ನೂ ಈಗ ತುಂಬುವ ಸಾಮರ್ಥ್ಯವನ್ನೂ ತೋರಿಸುತ್ತದೆ. 50 ವಾಟ್-ಅವರ್‌ನದು 30ಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಳೆಯಿಸಿ.

ಥಿಂಕ್‌ಪ್ಯಾಡ್ ಟಿ480 ಕಾಲದವುಗಳಲ್ಲಿ ಥಂಡರ್‌ಬೋಲ್ಟ್ ಕಂಟ್ರೋಲರಿನ ಫರ್ಮ್‌ವೇರ್ (ಚಿಪ್ಪಿನೊಳಗೇ ಕೂತ ಸಾಫ್ಟ್‌ವೇರ್) ದೋಷವೊಂದು ಎಲ್ಲರಿಗೂ ಗೊತ್ತಿರುವಂಥದ್ದು: ಅಪ್‌ಡೇಟ್ ಮಾಡದೆ ಬಿಟ್ಟರೆ ಪೋರ್ಟ್ ಕ್ರಮೇಣ ಸಾಯುತ್ತದೆ. ಎರಡೂ ಯುಎಸ್‌ಬಿ-ಸಿ ಪೋರ್ಟ್‌ಗಳಲ್ಲಿ ಚಾರ್ಜ್ ಆಗುತ್ತದೆಯೇ ನೋಡಿ. ಮನೆಗೆ ತಂದ ದಿನವೇ ಲೆನೊವೊ ತಾಣದಿಂದ ಥಂಡರ್‌ಬೋಲ್ಟ್ ಫರ್ಮ್‌ವೇರ್ ಹಾಕಿಕೊಳ್ಳಿ.

ಒಳಗೇ ಕಾರ್ಡ್ ಇರುವ ಲ್ಯಾಪ್‌ಟಾಪ್ ಆದರೆ

ಆರ್‌ಟಿಎಕ್ಸ್ 3050 ಎಂಬ ಹೆಸರೊಂದೇ ಸಾಲದು. ಲ್ಯಾಪ್‌ಟಾಪ್‌ನಲ್ಲಿ ಒಂದೇ ಹೆಸರಿನ ಕಾರ್ಡಿಗೆ ಒಬ್ಬರು 35 ವಾಟ್ ಕೊಡುತ್ತಾರೆ, ಇನ್ನೊಬ್ಬರು 80 ಕೊಡುತ್ತಾರೆ. ಈ ಅಂಕಿಯನ್ನು ಟಿಜಿಪಿ ಎನ್ನುತ್ತಾರೆ. ಸ್ಪೆಕ್ ಹಾಳೆಯಲ್ಲಿ ಇಲ್ಲದಿದ್ದರೆ ಚಾರ್ಜರ್ ತಿರುಗಿಸಿ ನೋಡಿ. 45 ವಾಟ್‌ನ ಎಚ್ ಚಿಪ್ ಮತ್ತು ಕಾರ್ಡ್ ಎರಡೂ ಇದ್ದು ಚಾರ್ಜರ್ 120 ವಾಟ್ ಮಾತ್ರ ಎಂದರೆ ಕಾರ್ಡಿಗೆ ಹೆಚ್ಚು ಉಳಿಯುವುದಿಲ್ಲ. ಮೆಮೊರಿ 4 ಜಿಬಿಯದು ಬಿಟ್ಟು 6 ಜಿಬಿಯ 3050 ಅಥವಾ 4050 ಹಿಡಿಯಿರಿ. ಆರ್‌ಟಿಎಕ್ಸ್ 2050ರ ಹೆಸರಿನಲ್ಲಿ ಆರ್‌ಟಿಎಕ್ಸ್ ಇದ್ದರೂ ಮೆಮೊರಿಯ ದಾರಿ 64 ಬಿಟ್ ಅಷ್ಟೇ.

ಹೊರಗಿನ ಗ್ರಾಫಿಕ್ಸ್ ಯಾರಿಗೆ

ಹೊರಗಿನ ಗ್ರಾಫಿಕ್ಸ್ ಎಂದರೆ ಡೆಸ್ಕ್‌ಟಾಪಿನ ಕಾರ್ಡನ್ನು ಮೇಜಿನ ಮೇಲೆ ಇಟ್ಟು, ಬೇರೆ ಎಸ್‌ಎಂಪಿಎಸ್‌ನಿಂದ (ಡೆಸ್ಕ್‌ಟಾಪಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಕರೆಂಟ್ ಕೊಟ್ಟು, ಒಂದು ಕೇಬಲಿನಲ್ಲಿ ಲ್ಯಾಪ್‌ಟಾಪಿಗೆ ಸೇರಿಸುವುದು. ಇದಕ್ಕೆ ಕೈ ಹಾಕುವ ಮೊದಲು ಕೂಡಿಸಿ: ಕಾರ್ಡ್ ಕೂರಿಸುವ ಅಡಾಪ್ಟರ್ ಅಥವಾ ಡಾಕ್, ಎಸ್‌ಎಂಪಿಎಸ್, ಕಾರ್ಡ್, ಮಾನಿಟರ್. ಎಲ್ಲವನ್ನೂ ಹೊಸದಾಗಿ ಕೊಂಡರೆ, ಲ್ಯಾಪ್‌ಟಾಪ್ ಸೇರಿ, 4050 ಇರುವ ಗೇಮಿಂಗ್ ಲ್ಯಾಪ್‌ಟಾಪಿಗಿಂತ ದುಬಾರಿಯೇ ಆಗುವ ಸಂಭವ ಹೆಚ್ಚು. ಹಾಗಾದರೆ ಗೇಮಿಂಗ್ ಲ್ಯಾಪ್‌ಟಾಪೇ ಸರಿ.

ಲೆಕ್ಕ ಕೂಡುವುದು ಮೂರು ಸಂದರ್ಭಗಳಲ್ಲಿ. ಸರಿಯಾದ ಪೋರ್ಟ್ ಇರುವ ಲ್ಯಾಪ್‌ಟಾಪ್ ಈಗಾಗಲೇ ಇದೆ. ಹಳೇ ಡೆಸ್ಕ್‌ಟಾಪಿನ ಕಾರ್ಡ್, ಎಸ್‌ಎಂಪಿಎಸ್, ಮಾನಿಟರ್ ಮನೆಯಲ್ಲಿ ಬಿದ್ದಿವೆ. ಅಥವಾ ದಿನಾ ಬಸ್ಸಿನಲ್ಲಿ ಹೊರಲು ಹಗುರ ಲ್ಯಾಪ್‌ಟಾಪ್ ಬೇಕು, ರೆಂಡರ್, ಆಟ ಎಲ್ಲ ರಾತ್ರಿ ಮನೆಯ ಮೇಜಿನ ಮೇಲೆ ಮಾತ್ರ. ಇನ್ನೊಂದು ಲಾಭವೂ ಉಂಟು: ಲ್ಯಾಪ್‌ಟಾಪ್ ಹಳತಾದ ಮೇಲೂ ಕಾರ್ಡನ್ನು ಡೆಸ್ಕ್‌ಟಾಪಿಗೆ ಹಾಕಬಹುದು, ಮಾರಬಹುದು.

ಪೋರ್ಟ್ ಗುರುತಿಸುವುದು

ಯುಎಸ್‌ಬಿ-ಸಿ ಎಂಬುದು ತೂತಿನ ಆಕಾರ, ಒಳಗೆ ಏನು ಹರಿಯುತ್ತದೆ ಎಂಬುದು ಬೇರೆ ಮಾತು. ಪಕ್ಕದಲ್ಲಿ ಮಿಂಚಿನ ಗುರುತು ಇದ್ದರೆ ಥಂಡರ್‌ಬೋಲ್ಟ್. ‘40’ ಎಂದು ಅಚ್ಚಾಗಿದ್ದರೆ 40 ಗಿಗಾಬಿಟ್‌ನ ಯುಎಸ್‌ಬಿ4. ‘10’ ಎಂದೋ, ಬರೀ ಡಿಸ್‌ಪ್ಲೇ ಪೋರ್ಟಿನ ‘ಡಿ’ ಆಕಾರದ ಗುರುತೋ ಇದ್ದರೆ ಕಾರ್ಡ್ ಓಡುವುದಿಲ್ಲ, ಮಾನಿಟರ್ ಮಾತ್ರ ಓಡುತ್ತದೆ. ‘ಈ ಡಾಕ್ ಹಾಕಿದರೆ ಎಲ್ಲ ಯುಎಸ್‌ಬಿ-ಸಿಯಲ್ಲೂ ಗ್ರಾಫಿಕ್ಸ್ ಬರುತ್ತೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಚಿಪ್ ನೋಡಿ ಪೋರ್ಟ್ ಊಹಿಸುವುದೂ ತಪ್ಪು. ಐ5-1235ಯು ಚಿಪ್ಪಿನೊಳಗೆ ಥಂಡರ್‌ಬೋಲ್ಟ್ 4ರ ಸಾಮರ್ಥ್ಯ ಇದೆ, ಆದರೆ ಅಗ್ಗದ ಲ್ಯಾಪ್‌ಟಾಪ್ ಮಾಡುವವರು ಅದಕ್ಕೆ ಬೇಕಾದ ಪೂರಕ ಚಿಪ್ಪನ್ನು ಬೋರ್ಡಿನಲ್ಲಿ ಹಾಕುವುದಿಲ್ಲ. ರೈಜೆನ್ 7530ಯುನಲ್ಲಿ ಯುಎಸ್‌ಬಿ4 ಇಲ್ಲವೇ ಇಲ್ಲ. ಯುಎಸ್‌ಬಿ4 ಇದ್ದರೂ ಪಿಸಿಐಇ (ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ಡೇಟಾ ದಾರಿ) ಸಾಗಿಸುವುದು ಆ ಮಾನದಂಡದಲ್ಲಿ ಐಚ್ಛಿಕ, ಆದ್ದರಿಂದ ಮಾಡೆಲ್‌ನ ಸ್ಪೆಕ್ ಹಾಳೆ ಓದಲೇಬೇಕು. ಥಂಡರ್‌ಬೋಲ್ಟ್ 3ರಲ್ಲೂ ಕೆಲವು ತೆಳು ಲ್ಯಾಪ್‌ಟಾಪ್‌ಗಳು, ಉದಾಹರಣೆಗೆ ಡೆಲ್ ಎಕ್ಸ್‌ಪಿಎಸ್ 13 9360, ನಾಲ್ಕರ ಬದಲು ಎರಡೇ ಲೇನ್ (ಆ ದಾರಿಯ ಸಾಲುಗಳು) ಕೊಟ್ಟಿವೆ. ಮ್ಯಾಕ್ ಇರುವವರಿಗೆ: ಇಂಟೆಲ್ ಮ್ಯಾಕ್‌ಗಳಿಗೆ 2018ರಲ್ಲಿ ಆಪಲ್ ಈ ಸೌಲಭ್ಯ ಕೊಟ್ಟಿತ್ತು, ಎಂ1ರಿಂದ ಈಚಿನವುಗಳಿಗೆ ಕೊಟ್ಟಿಲ್ಲ.

ಮೂರು ದಾರಿ

ಮೊದಲನೆಯದು ಥಂಡರ್‌ಬೋಲ್ಟ್ ಅಥವಾ ಯುಎಸ್‌ಬಿ4. ಸಲೀಸು, ಕೇಬಲ್ ಚುಚ್ಚಿದರೆ ಆಯಿತು, ಲ್ಯಾಪ್‌ಟಾಪ್ ಬಿಚ್ಚಬೇಕಿಲ್ಲ. ರೇಜರ್ ಕೋರ್ ಎಕ್ಸ್‌ನಂಥ ಪೆಟ್ಟಿಗೆಗಳು ಎಸ್‌ಎಂಪಿಎಸ್ ಸಮೇತ ಬರುತ್ತವೆ, ಬೆಲೆಯೂ ಹಾಗೇ. ಪೆಟ್ಟಿಗೆ ಇಲ್ಲದ ಎಡಿಟಿ-ಲಿಂಕ್ ಯುಟಿ3ಜಿಯಂಥ ಬರೀ ಬೋರ್ಡ್ ಅಗ್ಗ, ಎಸ್‌ಎಂಪಿಎಸ್ ನಿಮ್ಮದು. 40 ಗಿಗಾಬಿಟ್ ಎಂದು ಬರೆದಿದ್ದರೂ ಥಂಡರ್‌ಬೋಲ್ಟ್ 3ರಲ್ಲಿ ಕಾರ್ಡಿಗೆ ನಿಜವಾಗಿ ಸಿಗುವುದು ಬಹಳ ಸಲ 22 ಗಿಗಾಬಿಟ್ ಆಸುಪಾಸು.

ಎರಡನೆಯದು ಒಕ್ಯುಲಿಂಕ್. ಪಿಸಿಐಇಯನ್ನೇ ಕೇಬಲಿನಲ್ಲಿ ಹೊರಗೆ ಎಳೆದಂತೆ, ನಡುವೆ ಭಾಷಾಂತರವಿಲ್ಲ. 4.0ರ ನಾಲ್ಕು ಲೇನ್ ಇದ್ದರೆ ಸುಮಾರು 64 ಗಿಗಾಬಿಟ್. ಈ ಪೋರ್ಟ್ ಇರುವ ಲ್ಯಾಪ್‌ಟಾಪ್‌ಗಳು ಕಡಿಮೆ, ಆದರೆ ಎಂ.2 ಸ್ಲಾಟಿಗೆ ಕೂರಿಸುವ ಒಕ್ಯುಲಿಂಕ್ ತುಂಡು ಸಿಗುತ್ತದೆ. ಇನ್ನೊಂದು ತುದಿಗೆ ಮಿನಿಸ್‌ಫೋರಮ್ ಡಿಇಜಿ1ನಂಥ ಡಾಕ್.

ಮೂರನೆಯದು ಎಂ.2ನಿಂದ ನೇರವಾಗಿ ಕಾರ್ಡ್ ಸ್ಲಾಟಿಗೆ ಹೋಗುವ ಪಟ್ಟಿ ಕೇಬಲ್, ಎಡಿಟಿ-ಲಿಂಕ್ ಆರ್43ಎಸ್‌ಜಿ ಥರದ್ದು. ಪಿಸಿಐಇ 3.0ರ ನಾಲ್ಕು ಲೇನ್. ದುಡ್ಡು ಕಮ್ಮಿ, ಕೆಲಸ ಜಾಸ್ತಿ: ಕೆಳಗಿನ ಮುಚ್ಚಳ ಪೂರ್ತಿ ಮುಚ್ಚುವುದಿಲ್ಲ, ಲ್ಯಾಪ್‌ಟಾಪ್ ಮೇಜು ಬಿಟ್ಟು ಏಳುವುದಿಲ್ಲ. ಎಂ.2 ಒಂದೇ ಇದ್ದರೆ ಎಸ್‌ಎಸ್‌ಡಿ ಜಾಗ ಬಿಡಬೇಕಾಗುತ್ತದೆ. ಎರಡನೇ ಸ್ಲಾಟ್ ಬಗ್ಗೆ ಮೊದಲೇ ಕೇಳಿ ಎಂದದ್ದು ಇದಕ್ಕೇ.

ವೈಫೈ ಕಾರ್ಡಿನ ಜಾಗಕ್ಕೆ ಹಾಕುವ ಅಡಾಪ್ಟರ್‌ಗಳೂ ಇವೆ. ಅಲ್ಲಿ ಇರುವುದು ಒಂದೇ ಲೇನ್. ಹಳೇ ಲ್ಯಾಪ್‌ಟಾಪಿಗೆ ದುಡ್ಡು ಸುರಿಯುವ ಮಾತು ಅದು, ಬೇಡ.

ಕಾರ್ಡ್ ಮತ್ತು ಕರೆಂಟ್

ದಾರಿ ಕಿರಿದಾಗಿರುವುದರಿಂದ ಕಾರ್ಡಿನ ಸ್ವಂತ ಮೆಮೊರಿ ದೊಡ್ಡದಿರಬೇಕು. 4 ಜಿಬಿ ತುಂಬಿ ಚೆಲ್ಲಿದ್ದು ಇದೇ ಕಿರುದಾರಿಯಲ್ಲಿ ಲ್ಯಾಪ್‌ಟಾಪಿನ ರ‍್ಯಾಮಿಗೆ ಹೋಗಿ ಬರಬೇಕು, ಆಗ ಆಟ ತಡವರಿಸುತ್ತದೆ. ಕನಿಷ್ಠ 8 ಜಿಬಿ ಇಟ್ಟುಕೊಳ್ಳಿ. ರೇಡಿಯಾನ್ ಆರ್‌ಎಕ್ಸ್ 6600 (132 ವಾಟ್), ಆರ್‌ಟಿಎಕ್ಸ್ 4060 (115 ವಾಟ್), ಬ್ಲೆಂಡರ್‌ನವರಿಗೆ 12 ಜಿಬಿಯ ಆರ್‌ಟಿಎಕ್ಸ್ 3060 (170 ವಾಟ್) ಒಳ್ಳೆಯ ಜೋಡಿಗಳು. ಇದಕ್ಕಿಂತ ದೊಡ್ಡ ಕಾರ್ಡ್ ಹಾಕಿದರೆ ಕೇಬಲ್ಲೋ ಯು ಸರಣಿಯ ಚಿಪ್ಪೋ ಅದನ್ನು ಕಟ್ಟಿಹಾಕುತ್ತದೆ. ಇಂಟೆಲ್ ಆರ್ಕ್ ಕಾರ್ಡ್‌ಗಳಿಗೆ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ತಲುಪುವ ಸೌಲಭ್ಯ) ಬೇಕು. ಥಂಡರ್‌ಬೋಲ್ಟ್ ದಾರಿಯಲ್ಲಿ ಅದು ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸಿಗುವುದಿಲ್ಲ, ಹಾಗಾಗಿ ಇಲ್ಲಿ ಅವು ಬೇಡ.

ಹೆಸರುವಾಸಿ ಕಂಪನಿಯ 450 ವಾಟ್ ಎಸ್‌ಎಂಪಿಎಸ್ ಸಾಕು. ಪಿಸಿಐಇಯ 8 ಪಿನ್ ತಂತಿ ಅದರಲ್ಲೇ ಇರಬೇಕು. ಕಾರ್ಡಿನ ಸ್ಲಾಟ್ ಕೂಡ 75 ವಾಟ್‌ವರೆಗೆ ಎಳೆಯಬಹುದು. ಅಷ್ಟನ್ನೂ ಅಡಾಪ್ಟರ್ ಬೋರ್ಡೇ ಕೊಡಬೇಕು. ಅದಕ್ಕೆ ಹಾರ್ಡ್ ಡಿಸ್ಕಿನ ಸಾಟಾ ತಂತಿಯಿಂದ ಪರಿವರ್ತಕ ಹಾಕಿ ಕರೆಂಟ್ ಕೊಡಬೇಡಿ. ಸಾಟಾ ಪಿನ್‌ಗಳು 12 ವೋಲ್ಟ್‌ನಲ್ಲಿ ಹೊರಬಲ್ಲದ್ದು ಸುಮಾರು 54 ವಾಟ್, ಪ್ಲಾಸ್ಟಿಕ್ ಕರಗುವುದು ಅಲ್ಲಿಂದಲೇ. ಎಸ್‌ಎಂಪಿಎಸ್‌ಗೆ ಅರ್ತ್ ಇರುವ ಮೂರು ಪಿನ್ ಸಾಕೆಟ್ ಕಡ್ಡಾಯ. ಲ್ಯಾಪ್‌ಟಾಪ್ ಚಾರ್ಜರ್, ಮಾನಿಟರ್, ಎಸ್‌ಎಂಪಿಎಸ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ತೆಗೆದುಕೊಳ್ಳಿ. ಬೇರೆ ಬೇರೆ ಗೋಡೆಯ ಪ್ಲಗ್‌ಗಳಾದರೆ ಅರ್ತಿನ ವ್ಯತ್ಯಾಸ ಮೈ ಚುರುಗುಟ್ಟಿಸುತ್ತದೆ.

ಜೋಡಿಸುವ ಕ್ರಮ (ಎಂ.2 ಅಥವಾ ಒಕ್ಯುಲಿಂಕ್)

1. ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡೇಟಾಕ್ಕೆ ವಿಂಡೋಸ್ ಹಾಕುವ ಬೀಗ) ಆನ್ ಇದೆಯೇ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬಯಾಸ್ ಮುಟ್ಟಿದ ಮೇಲೆ, ಹೊಸ ಭಾಗ ಹಾಕಿದ ಮೇಲೆ ವಿಂಡೋಸ್ ಇದನ್ನು ಕೇಳಬಹುದು. ಕೀ ಇಲ್ಲದೆ ಡೇಟಾ ಹೋದವರು ಅನೇಕರು.

2. ಬಯಾಸ್ ಅಪ್‌ಡೇಟ್ ಮಾಡಿ, ಫಾಸ್ಟ್ ಬೂಟ್ ಆಫ್ ಮಾಡಿ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ, ಆಗಲೇ ಅದು ಪೂರ್ತಿ ಆರುವುದು.

3. ಚಾರ್ಜರ್ ಕೀಳಿ. ಕೆಳಗಿನ ಸ್ಕ್ರೂಗಳನ್ನು ತೆಗೆದು, ಬಿಚ್ಚಿದ ಜಾಗದಂತೆಯೇ ಕಾಗದದ ಮೇಲೆ ಜೋಡಿಸಿಡಿ. ಉದ್ದಗಳು ಬೇರೆ ಬೇರೆ ಇರುತ್ತವೆ, ಉದ್ದದ್ದನ್ನು ಗಿಡ್ಡ ಜಾಗಕ್ಕೆ ಹಾಕಿದರೆ ಅಂಗೈ ಇಡುವ ಜಾಗ ಉಬ್ಬುತ್ತದೆ. ಅಂಚಿನಲ್ಲಿ ಹಳೇ ಎಟಿಎಂ ಕಾರ್ಡ್ ತೂರಿಸಿ ಲಾಕ್‌ಗಳನ್ನು ಬಿಡಿಸಿ. ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಯಿರಿ.

4. ಅಡಾಪ್ಟರನ್ನು ಎಂ.2 ಸ್ಲಾಟಿಗೆ 30 ಡಿಗ್ರಿ ಓರೆಯಾಗಿ ತಳ್ಳಿ, ಬಂಗಾರದ ಗೆರೆ ಪೂರ್ತಿ ಒಳಹೋದ ಮೇಲೆ ಒತ್ತಿ ಸ್ಕ್ರೂ ಹಾಕಿ. ಕೇಬಲ್ ಮಡಚಬೇಡಿ, ಫ್ಯಾನಿನ ಬಾಯಿಗೆ ಅಡ್ಡ ಬರಬಾರದು.

5. ಕಾರ್ಡ್ ಕೂರಿಸಿ, 8 ಪಿನ್ ಹಾಕಿ, ಮಾನಿಟರಿನ ತಂತಿಯನ್ನು ಕಾರ್ಡಿಗೇ ಚುಚ್ಚಿ. ಲ್ಯಾಪ್‌ಟಾಪಿನ ಸ್ವಂತ ಪರದೆಯಲ್ಲೂ ನೋಡಬಹುದು, ಆದರೆ ಆಗ ಪ್ರತಿ ಚಿತ್ರವೂ ಅದೇ ಕೇಬಲಿನಲ್ಲಿ ವಾಪಸು ಬರಬೇಕು, ವೇಗ ಎದ್ದು ಕಾಣುವಷ್ಟು ಕುಸಿಯುತ್ತದೆ.

6. ಬ್ಯಾಟರಿ ಸೇರಿಸಿ. ಮೊದಲು ಎಸ್‌ಎಂಪಿಎಸ್ ಆನ್, ನಂತರ ಲ್ಯಾಪ್‌ಟಾಪ್. ಮೊದಲ ಸಲ ಒಂದೆರಡು ನಿಮಿಷ ಕಪ್ಪು ಪರದೆ ಇದ್ದರೆ ಗಾಬರಿ ಬೇಡ.

7. ಡಿವೈಸ್ ಮ್ಯಾನೇಜರ್‌ನಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಕಂಡರೆ ಕಾರ್ಡ್ ಸಿಕ್ಕಿತು ಎಂದರ್ಥ. ಈಗ ಡ್ರೈವರ್ ಹಾಕಿ.

8. ಕಾರ್ಡಿನ ವಿವರ ತೋರಿಸುವ ಜಿಪಿಯು-ಝೆಡ್ ಸಾಫ್ಟ್‌ವೇರ್ ತೆರೆದು ‘ಬಸ್ ಇಂಟರ್‌ಫೇಸ್’ ನೋಡಿ. ಸುಮ್ಮನಿದ್ದಾಗ 1.1 ಎಂದು ತೋರಿಸುವುದು ಸಹಜ, ಕಾರ್ಡ್ ನಿದ್ದೆಯಲ್ಲಿರುತ್ತದೆ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿದಾಗ ನಾಲ್ಕು ಲೇನ್, 3.0 ಅಥವಾ 4.0 ಬರಬೇಕು.

ಥಂಡರ್‌ಬೋಲ್ಟ್ ಆದರೆ ಮೂರು, ನಾಲ್ಕನೇ ಹೆಜ್ಜೆ ಇಲ್ಲ. ಬಯಾಸ್‌ನಲ್ಲಿ ಥಂಡರ್‌ಬೋಲ್ಟ್ ಸೆಕ್ಯುರಿಟಿಯನ್ನು ‘ಯೂಸರ್ ಆಥರೈಸೇಷನ್’ಗೆ ಇಟ್ಟು, ವಿಂಡೋಸ್‌ನ ಥಂಡರ್‌ಬೋಲ್ಟ್ ಕಂಟ್ರೋಲ್ ಸೆಂಟರ್‌ನಲ್ಲಿ ಸಾಧನಕ್ಕೆ ಅನುಮತಿ ಕೊಡಿ.

ಕೈಕೊಟ್ಟಾಗ

‘ಕೋಡ್ 12’ ಬಂದರೆ ವಿಳಾಸದ ಜಾಗ ಸಾಲದು ಎಂದರ್ಥ. ಲ್ಯಾಪ್‌ಟಾಪಿನಲ್ಲಿ ಮೊದಲೇ ಒಂದು ಪ್ರತ್ಯೇಕ ಕಾರ್ಡ್ ಇರುವವರಿಗೆ, ಹಳೇ ಬಯಾಸ್ ಇರುವವರಿಗೆ ಇದು ಬರುವುದು ಹೆಚ್ಚು. ಒಳಗಿನ ಪ್ರತ್ಯೇಕ ಕಾರ್ಡನ್ನು ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸೇಬಲ್ ಮಾಡಿ ರೀಸ್ಟಾರ್ಟ್ ಮಾಡಿ. ಬಯಾಸ್‌ನಲ್ಲಿ ‘ಅಬೌ 4ಜಿ ಡಿಕೋಡಿಂಗ್’ ಇದ್ದರೆ ಆನ್ ಮಾಡಿ. ‘ಕೋಡ್ 43’ ಬಂದರೆ ಡಿಡಿಯು ಎಂಬ ಸಾಧನದಿಂದ ಸೇಫ್ ಮೋಡ್‌ನಲ್ಲಿ ಹಳೇ ಡ್ರೈವರ್ ಪೂರ್ತಿ ತೊಳೆದು ಹೊಸದು ಹಾಕಿ. ಹೋಗದಿದ್ದರೆ ಕೇಬಲ್ ಮೇಲೆ ಅನುಮಾನ ಪಡಿ.

ಸುಮ್ಮನಿದ್ದಾಗ ಸರಿ, ಆಟ ಶುರುವಾದೊಡನೆ ಕಾರ್ಡ್ ಮಾಯ ಎಂದರೆ ಕಾರಣ ಎರಡರಲ್ಲಿ ಒಂದು: ಎಸ್‌ಎಂಪಿಎಸ್ ದುರ್ಬಲ, ಅಥವಾ ಕೇಬಲ್ ಉದ್ದ. 50 ಸೆಂಟಿಮೀಟರ್ ಮೀರಿದ ಒಕ್ಯುಲಿಂಕ್ ಕೇಬಲ್ ಬೇಡ. ಬಯಾಸ್‌ನಲ್ಲಿ ಪಿಸಿಐಇಯನ್ನು 4.0ರಿಂದ 3.0ಕ್ಕೆ ಇಳಿಸಿ ನೋಡಿ. ಆಗ ತೊಂದರೆ ನಿಂತರೆ ತಪ್ಪು ಕೇಬಲಿನದೇ. ಕಾರ್ಡ್ ಇದ್ದರೂ ಆಟ ಒಳಗಿನ ಗ್ರಾಫಿಕ್ಸ್‌ನಲ್ಲೇ ಓಡುತ್ತಿದ್ದರೆ ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂದು ಹೋಗಿ ಆ ಆಟಕ್ಕೆ ‘ಹೈ ಪರ್ಫಾರ್ಮೆನ್ಸ್’ ಆರಿಸಿ.

ಎಂ.2, ಒಕ್ಯುಲಿಂಕ್ ಎರಡರಲ್ಲೂ ಕೇಬಲನ್ನು ಲ್ಯಾಪ್‌ಟಾಪ್ ಆನ್ ಇದ್ದಾಗ ಹಾಕಬೇಡಿ, ಕೀಳಬೇಡಿ; ಸ್ಲೀಪ್‌ಗೂ ಕಳಿಸಬೇಡಿ, ಪೂರ್ತಿ ಆಫ್ ಮಾಡಿ. ನಮ್ಮ ಊರುಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಮುಂದುವರಿಯುತ್ತದೆ, ಕಾರ್ಡ್ ಮಾತ್ರ ಸತ್ತಿರುತ್ತದೆ. ಓಡುತ್ತಿರುವ ವಿಂಡೋಸ್‌ನಿಂದ ಕಾರ್ಡನ್ನು ಕಿತ್ತಂತೆಯೇ ಇದು. ನೀಲಿ ಪರದೆ ಬರುತ್ತದೆ, ರೆಂಡರ್ ಹೋಗುತ್ತದೆ. ಎಸ್‌ಎಂಪಿಎಸ್ ಮತ್ತು ಮಾನಿಟರನ್ನು 600 ವಿಎ ಯುಪಿಎಸ್‌ಗೆ ಹಾಕಿ. ಅದು ಕೊಡುವ ಸುಮಾರು 360 ವಾಟ್‌ನಲ್ಲಿ 6600, 4060 ಎರಡೂ ಆರಾಮಾಗಿ ನಿಲ್ಲುತ್ತವೆ, ಕೆಲಸ ಸೇವ್ ಮಾಡಿ ಆರಿಸಲು ಬೇಕಾದ ಕೆಲವು ನಿಮಿಷ ಸಿಗುತ್ತದೆ. ಆರಿಸುವಾಗ ಮೊದಲು ಲ್ಯಾಪ್‌ಟಾಪ್, ಅದು ಪೂರ್ತಿ ಆರಿದ ಮೇಲೆ ಎಸ್‌ಎಂಪಿಎಸ್.